ಆಂಜಿನಪ್ಪನ ಎಡಗಾಲಿನ ನಿರ್ಣಯ

ಡಾಕ್ಟರ್ ನವ್ಯ ಮಂಗಳವಾರ ಹೇಳಿದ್ದನ್ನು ಅಮ್ಮಾಜಮ್ಮ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಗಂಡ ಆಂಜಿನಪ್ಪನ ಎಡಗಾಲಿನ ರಕ್ತನಾಳ ಮಂಡಿಯ ಮೇಲೆ ಒಂದು ಕಡೆ, ಮಂಡಿಯ ಕೆಳಗೆ ಎರಡು ಕಡೆ ಕಟ್ಟಿಕೊಂಡಿದೆ. ಪಾದಕ್ಕೆ ರಕ್ತ ಹೋಗದೆ ಕಿರುಬೆರಳು ಕಪ್ಪಗಾಗಿದೆ. ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ಒಳಗೆ ತಂತಿ ಬಿಟ್ಟು, ತಂತಿಯ ಮೇಲೆ ಪುಟ್ಟದೊಂದು ಬಲೂನು ಕಳಿಸಿ, ಕಟ್ಟಿಕೊಂಡ ಜಾಗದಲ್ಲಿ ಉಬ್ಬಿಸಿದರೆ ದಾರಿ ಬಿಡುತ್ತದೆ. ಶುಕ್ರವಾರ ಮಾಡಬಹುದು. ತಡಮಾಡಿದರೆ ಮುಂದಿನ ವಾರ ಮಂಡಿಯಿಂದ ಕೆಳಗೆ ಕಾಲನ್ನೇ ತೆಗೆಯಬೇಕಾದೀತು.

“ಇಲ್ಲಿ ಸೈನ್ ಮಾಡಿ ಸಾರ್” ಎಂದು ಡಾಕ್ಟರಮ್ಮ ಒಪ್ಪಿಗೆಯ ಕಾಗದ ಮುಂದಿಟ್ಟರು.

ಆಂಜಿನಪ್ಪ ಪೆನ್ನನ್ನು ಮುಟ್ಟಲಿಲ್ಲ. “ಸಮಿತೀಲಿ ಇಡ್ಬೇಕು” ಎಂದ.

ವಾರಕ್ಕೆರಡು ದಿನ ಬೆಂಗಳೂರಿನಿಂದ ರೈಲಿನಲ್ಲಿ ಬಂಗಾರಪೇಟೆಯ ಆ ಆಸ್ಪತ್ರೆಗೆ ಬಂದುಹೋಗುವ ಡಾಕ್ಟರಮ್ಮನಿಗೆ ಯಾವ ಸಮಿತಿ ಎಂದು ಹೇಗೆ ಗೊತ್ತಿರಬೇಕು? ಅಮ್ಮಾಜಮ್ಮನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವಳು “ನಾನಾಕ್ತೀನಿ ಕೊಡಿ ರುಜು” ಎಂದು ಪೆನ್ನು ಕಿತ್ತುಕೊಂಡಳು. ರೋಗಿಗೆ ಎಚ್ಚರವಿದೆ, ಬುದ್ಧಿ ಸರಿಯಿದೆ, ಅವರೇ ಹಾಕಬೇಕು ಎಂದರು ಡಾಕ್ಟರು. ಎಚ್ಚರವಿರುವುದು ನಿಜ, ಬುದ್ಧಿಯ ವಿಷಯದಲ್ಲಿ ಡಾಕ್ಟರು ದುಡುಕಿದರು ಎಂದು ಅಮ್ಮಾಜಮ್ಮನಿಗೆ ಅನ್ನಿಸಿತು.

ಆ ಸಮಿತಿಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಚಿನ್ನದ ಗಣಿ ಮುಚ್ಚಿದ ವರ್ಷ ಊರಿಗಾಂನ ಗಣಿಕೆಲಸಗಾರರ ಲೈನಿನ ಗಂಡಸರು ಒಬ್ಬೊಬ್ಬರಾಗಿ ಹೋಗಿ, ಇನ್ನೊಬ್ಬನಿಗೆ ತಿಳಿಯದಂತೆ, ಸ್ವಇಚ್ಛೆಯಿಂದ ಕೆಲಸ ಬಿಡುತ್ತೇವೆಂದು ಕಾಗದಕ್ಕೆ ರುಜು ಹಾಕಿ ಬಂದಿದ್ದರು. ಆಮೇಲೆ ಒಬ್ಬರ ಮುಖ ಒಬ್ಬರಿಗೆ ತೋರಿಸಲಾಗದೆ ನಾಚಿಕೊಂಡರು. ಆ ನಾಚಿಕೆಯಲ್ಲಿ ಹದಿನೆಂಟು ಜನ ಮುನೇಶ್ವರನ ಮುಂದೆ ಉರಿಯುವ ಕರ್ಪೂರ ಮುಟ್ಟಿ ಪ್ರಮಾಣ ಮಾಡಿದರು: ಇನ್ನು ಮೇಲೆ ಯಾವ ಕಾಗದಕ್ಕೂ ಒಬ್ಬೊಬ್ಬರೇ ರುಜು ಹಾಕುವುದಿಲ್ಲ; ಎಲ್ಲರೂ ಸೇರಿ ನಿರ್ಣಯ ಮಾಡಬೇಕು; ಒಬ್ಬನ ಆಕ್ಷೇಪಣೆ ಇದ್ದರೂ ನಿರ್ಣಯ ಮುಂದಕ್ಕೆ; ನಿರ್ಣಯವಾದ ಮೇಲೆ ಯಾರೂ ತಪ್ಪುವಂತಿಲ್ಲ. ಹಾಗೆ ಹುಟ್ಟಿದ್ದು ಗಣಿ ಪುನರಾರಂಭ ಒತ್ತಾಯ ಸಮಿತಿ. ಬಾಗಿಲು ಮುಚ್ಚಿದ ಹಳೆಯ ರೇಷನ್ ಡಿಪೋದ ಜಗುಲಿಯ ಮೇಲೆ ದಿನಾ ಸಂಜೆ ನಾಲ್ಕಕ್ಕೆ ಸಭೆ. ಗಣಿ ತೆರೆಯಿರಿ ಎಂದು ಸರ್ಕಾರಕ್ಕೊಂದು ಮನವಿ ಕಳಿಸುವುದೇ ಇಪ್ಪತ್ತನಾಲ್ಕು ವರ್ಷಗಳಿಂದ ಅದರ ಕಾರ್ಯಸೂಚಿ. ಮನವಿ ಇನ್ನೂ ಕಳಿಸಿಲ್ಲ. ಹದಿನೆಂಟರಲ್ಲಿ ಏಳು ಜನ ಉಳಿದಿದ್ದಾರೆ, ನಿರ್ಣಯ ಒಂದೂ ಆಗಿಲ್ಲ.

ಪ್ರಮಾಣ ಎಂದರೆ ಪ್ರಮಾಣ. ಕರ್ಪೂರಕ್ಕೆ ಗಣಿಯ ಕಾಗದ ಯಾವುದು, ರೇಷನ್ ಕಾರ್ಡಿನ ಕಾಗದ ಯಾವುದು ಎಂದು ತಿಳಿಯುತ್ತದೆಯೇ? ಪಿಂಚಣಿಗಾಗಿ ಸದಸ್ಯ ಮುನಿಸ್ವಾಮಪ್ಪ ಬದುಕಿದ್ದಾನೆಂದು ಬ್ಯಾಂಕಿಗೆ ಬರೆದುಕೊಡಬೇಕಾಗಿ ಬಂದಾಗ, ಅವನು ಬದುಕಿದ್ದಾನೋ ಇಲ್ಲವೋ ಎಂಬುದನ್ನು ಸಮಿತಿ ಅವನನ್ನೇ ಎದುರಿಗೆ ಕೂರಿಸಿಕೊಂಡು ಎರಡು ವರ್ಷ ಚರ್ಚಿಸಿತು. ಕೊನೆಗೆ ಅವನ ಸೊಸೆ ಅವನು ನಿದ್ದೆ ಮಾಡುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದಳು. ಆ ಕೃತ್ಯವನ್ನು ಸಮಿತಿ ಇವತ್ತಿಗೂ ಖಂಡಿಸುತ್ತದೆ.

ಇಂಥವರ ಕೈಗೆ ಈಗ ಗಂಡನ ಕಾಲು ಸಿಕ್ಕಿತ್ತು, ಅದೂ ಮೂರು ದಿನದ ಗಡುವಿನಲ್ಲಿ.

ಬುಧವಾರ ಅಮ್ಮಾಜಮ್ಮ ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ನೂರನಲವತ್ತು ಮಕ್ಕಳಿಗೆ ಬಿಸಿಯೂಟ ಬೇಯಿಸಿ ಬಡಿಸಿ, ಪಾತ್ರೆ ಬೋರಲು ಹಾಕಿ, ಗಂಡನನ್ನು ಕರೆದುಕೊಂಡು ಡಿಪೋಗೆ ನಡೆದಳು. ನಡೆದಳು ಎನ್ನುವುದು ದೊಡ್ಡ ಮಾತು. ಆಂಜಿನಪ್ಪ ನಲವತ್ತು ಹೆಜ್ಜೆಗೊಮ್ಮೆ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಿದ್ದ. ನೋವು ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ. ನಿಂತಲ್ಲಿ ಗೋಡೆಯ ಪೋಸ್ಟರ್ ಓದುವವನಂತೆ ನಟಿಸುತ್ತಿದ್ದ. ಒಂದು ವರ್ಷದಲ್ಲಿ ಊರಿಗಾಂನ ಶ್ರದ್ಧಾಂಜಲಿ, ಟ್ಯೂಷನ್, ಮೂಲವ್ಯಾಧಿಯ ಪೋಸ್ಟರುಗಳನ್ನೆಲ್ಲ ಓದಿ ಮುಗಿಸಿದ್ದ. ಅವಳೂ ಪಕ್ಕದಲ್ಲಿ ನಿಂತು ಓದಿದ್ದಳು. ಬೇರೆ ಏನು ಮಾಡುತ್ತಾಳೆ?

ಅಧ್ಯಕ್ಷ ಮುನೀಂದ್ರ ಒಂದು ಕಾಲದಲ್ಲಿ ಗಣಿಯ ಲಿಫ್ಟು ನಡೆಸುತ್ತಿದ್ದವನು. ಜನರನ್ನು ಇಳಿಸಿ ಎತ್ತಿದವನಾದ್ದರಿಂದ ಈಗಲೂ ಅವನ ಮಾತು ನಿಧಾನಕ್ಕೆ ಇಳಿದು ನಿಧಾನಕ್ಕೆ ಏರುತ್ತದೆ. “ಬಲೂನು ಒಳಿಕೆ ಓದ್ರೆ ಎಷ್ಟೊತ್ತು ಇರ್ತದಮ್ಮ?” ಎಂದು ಕೇಳಿದ.

“ಎಲ್ಡು ನಿಮಿಷ, ಮೂರು ನಿಮಿಷ ಅಂದ್ರಣ್ಣ.”

“ಆಮ್ಯಾಕೆ?”

“ಆಮ್ಯಾಕೆ ಅದನ್ನ ಇಳಿಸಿ ಆಚಿಕೆ ಎಳ್ಕಂತಾರಂತೆ.”

ಮುನೀಂದ್ರ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಆಮೇಲೆ ಹೇಳಿದ: “ಅಂದ್ರೆ ಕಾಂಟ್ರಾಕ್ಟ್ ಲೇಬರ್ರು.”

ಜಗುಲಿಯಲ್ಲಿ ಗುಸುಗುಸು ಎದ್ದಿತು. ಗುತ್ತಿಗೆ ಪದ್ಧತಿಗೆ ಸಮಿತಿಯ ವಿರೋಧ ಮೊದಲ ದಿನದಿಂದಲೂ ಇತ್ತು. ಬಂಡೆಯಂಥ ಕೊಬ್ಬನ್ನು ತಳ್ಳಿ ದಾರಿ ಬಿಡಿಸುವ ಕಷ್ಟವೆಲ್ಲ ಬಲೂನಿನದು. ಕೆಲಸ ಮುಗಿದ ತಕ್ಷಣ ಗಾಳಿ ತೆಗೆದು ಬೀದಿಗೆ ಬಿಸಾಡುವುದು ಯಾವ ನ್ಯಾಯ? ಡ್ರಿಲ್ಲು ಹೊಡೆದು ಹೊಡೆದು ಕಿವಿ ಕಳೆದುಕೊಂಡಿದ್ದ ಮುನಿಸ್ವಾಮಪ್ಪನಿಗೆ ವಿಷಯವನ್ನು ಕಿರುಚಿ ತಿಳಿಸಲಾಯಿತು. ಅವನು ಎದ್ದು ನಿಂತು, “ಒಳಿಕೆ ಇಳಿದೋನ್ನ ಮೂರು ನಿಮಿಷಕ್ಕೆ ಕೆಲ್ಸದಿಂದ ತೆಗೀತಾರಾ? ನಮ್ಗೇ ಮೂರು ತಿಂಗ್ಳು ನೋಟೀಸ್ ಕೊಟ್ಟಿದ್ರಲ್ಲೋ!” ಎಂದು ಕೂಗಿದ.

“ಮುನಿಸ್ವಾಮಣ್ಣ, ಅದು ರಬ್ಬರು!” ಎಂದಳು ಅಮ್ಮಾಜಮ್ಮ.

“ರಬ್ಬರಾದ್ರೇನಮ್ಮ, ಕೆಲ್ಸ ಕೆಲ್ಸಾನೇ” ಎಂದ ಮುನೀಂದ್ರ.

ಆಗ ಆಂಜಿನಪ್ಪ ಬಾಯಿ ಬಿಟ್ಟ. ಸುರಂಗದ ಸೂರು ಕುಸಿಯದಂತೆ ಮರದ ಆಸರೆ ನಿಲ್ಲಿಸುವುದು ಅವನ ಕೆಲಸವಾಗಿತ್ತು. “ನಂದು ಬ್ಯಾರೆ ಪ್ರಶ್ನೆ” ಎಂದ. “ಬಲೂನು ದಾರಿ ಬಿಡಿಸ್ತದೆ, ಸರಿ. ಅದು ಆಚಿಕೆ ಬಂದ್ಮ್ಯಾಕೆ ಸೂರಿಗೆ ಆಸರೆ ಏನು? ಆಸರೆ ಇಲ್ದಂಗೆ ಬಿಟ್ಟ ದಾರಿ ಯಾವತ್ತು ನಿಂತೈತೆ?”

ಸಭೆ ತಲೆದೂಗಿತು. ಅದೇ ಹೊತ್ತಿಗೆ ಆಸ್ಪತ್ರೆಯ ನರ್ಸು ಸೆಲ್ವಿ ಡ್ಯೂಟಿ ಮುಗಿಸಿ, ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು, ಆಂಡರ್ಸನ್‌ಪೇಟೆಯ ಮನೆಗೆ ಹೋಗುವವಳು ಡಿಪೋ ಮುಂದೆ ಹಾದಳು. ಅವಳನ್ನು ಸಾಕ್ಷಿಗೆಂದು ಜಗುಲಿಗೆ ಹತ್ತಿಸಲಾಯಿತು.

“ಸ್ಟೆಂಟ್ ಅಂತ ಇರ್ತದಣ್ಣಾ, ಜಾಲರಿ ಥರ. ಬೇಕಾದ್ರೆ ಮೇಲೆ ತೊಡೆ ಹತ್ರ ಅದನ್ನ ಬಿಟ್ಟು ಬರ್ತಾರೆ. ಅದು ಅಲ್ಲೇ ಇರ್ತದೆ, ಎಪ್ಪವುಂ, ಯಾವಾಗ್ಲೂ” ಎಂದಳು ಸೆಲ್ವಿ. “ಮಂಡಿ ಕೆಳಗೆ ನಾಳ ಸಣ್ಣದು. ಅಲ್ಲಿ ಸ್ಟೆಂಟ್ ಹಾಕಲ್ಲ, ಬಲೂನು ಮಾತ್ರ.”

“ನೋಡ್ರಪ್ಪಾ!” ಮುನೀಂದ್ರ ತೊಡೆ ತಟ್ಟಿದ. “ಮ್ಯಾಲ್ನೋರ್ಗೆ ಪರ್ಮನೆಂಟು, ಕೆಳಗ್ನೋರ್ಗೆ ಕಾಂಟ್ರಾಕ್ಟು. ಕಾಲಿನೊಳಗೂ ಇದೇ ಕಥೆ!”

ಹಾಜರಿ ಬರೆಯುವ ಗುಮಾಸ್ತನಾಗಿದ್ದ ಕಾರ್ಯದರ್ಶಿ ಜಯರಾಮಪ್ಪ ಎಲ್ಲವನ್ನೂ ದಪ್ಪ ಪುಸ್ತಕದಲ್ಲಿ ಬರೆದುಕೊಂಡು ವಿಷಯ ಮುಂದೂಡಿದ. ಅಮ್ಮಾಜಮ್ಮನಿಗೆ ಏಳು ಮಂದಿಯನ್ನೂ ಸಾಲಾಗಿ ಕೂರಿಸಿ ಸೌಟಿನಲ್ಲಿ ಬಾರಿಸಬೇಕೆನ್ನಿಸಿತು. ನೂರನಲವತ್ತು ಮಕ್ಕಳು ಅವಳ ಒಂದು ಗದರಿಕೆಗೆ ಸುಮ್ಮನಾಗುತ್ತವೆ. ಮಕ್ಕಳಿಗೆ ಹಸಿವಿರುತ್ತದೆ. ಇವರಿಗೆ ಏನಿದೆ?

ಗುರುವಾರ ಬೆಳಿಗ್ಗೆ ಅವಳು ಜಯರಾಮಪ್ಪನ ಮನೆಗೆ ಹೋಗಿ ನಡಾವಳಿ ಪುಸ್ತಕ ಕೇಳಿದಳು. ಸಮಿತಿಯ ಕಾನೂನಿನಲ್ಲಿ ಎಲ್ಲಾದರೂ ಒಂದು ತೂತು ಸಿಕ್ಕೀತು ಎಂಬುದು ಅವಳ ಲೆಕ್ಕಾಚಾರ. ಜಯರಾಮಪ್ಪ ಕೊಡಲು ಹಿಂದೇಟು ಹಾಕಿದ. ಕಾಡಿದ ಮೇಲೆ ನಾಲ್ಕು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಟ್ಟು, “ಓದಿ ಬೇಜಾರ್ ಮಾಡ್ಕಬ್ಯಾಡ ತಂಗೀ” ಎಂದ. ಶಾಲೆಯ ಅಡುಗೆಮನೆಯಲ್ಲಿ ಅನ್ನ ಕುದಿಯುತ್ತಿರುವಾಗ ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಮೊದಲ ಪುಟ: ಮನವಿ ಕಳಿಸಲು ಎಲ್ಲರೂ ಒಪ್ಪಿದರು; ಆಂಜಿನಪ್ಪನವರ ಆಕ್ಷೇಪಣೆಯ ಮೇರೆಗೆ ಮುಂದೂಡಲಾಯಿತು. ಎರಡನೆಯ ಪುಟ: ಆಂಜಿನಪ್ಪನವರ ಆಕ್ಷೇಪಣೆಯ ಮೇರೆಗೆ. ಒಂದು ಸಲ ವಿಳಾಸ ಸರಿಯಿಲ್ಲವೆಂದು, ಒಂದು ಸಲ ಮಂತ್ರಿ ಬದಲಾಗುತ್ತಾನೆಂದು, ಒಂದು ಸಲ ಆಷಾಢವೆಂದು. ನಾಲ್ಕನೆಯ ಪುಸ್ತಕದ ಕೊನೆಯ ಪುಟದವರೆಗೂ ಅದೇ ಹೆಸರು. ಸಾರು ತಳ ಹಿಡಿಯಿತು. ಇಪ್ಪತ್ತೆರಡು ವರ್ಷದ ಅಡುಗೆಯಲ್ಲಿ ಅವಳು ಸಾರು ಸೀಯಿಸಿದ್ದು ಅದೇ ಮೊದಲು.

ಗಂಡ ಗಣಿಗಾಗಿ ಹೋರಾಡುತ್ತಿದ್ದಾನೆಂದು ಅವಳು ನಂಬಿಕೊಂಡಿದ್ದಳು. ಆ ಹೆಮ್ಮೆಯಲ್ಲಿ ಅವನನ್ನು ದಿನಾ ನಾಲ್ಕಕ್ಕೆ ಹೊರಗೆ ಕಳಿಸಿ ಮನೆ ತೂಗಿಸಿದ್ದಳು.

ಮಧ್ಯಾಹ್ನ ಮನೆಗೆ ಬಂದವಳು ಪುಸ್ತಕಗಳನ್ನು ಅವನ ಮಂಚದ ಮೇಲೆ ಕುಕ್ಕಿದಳು. “ಎಲ್ಲಾ ಪುಟದಾಗೂ ನಿನ್ನೆಸ್ರೇ ಐತೆ.”

ಆಂಜಿನಪ್ಪ ಪುಸ್ತಕದ ಕಡೆ ನೋಡಲಿಲ್ಲ. ಗೋಡೆ ನೋಡಿದ. ಗೋಡೆಯಲ್ಲಿ ಓದಲು ಪೋಸ್ಟರಿರಲಿಲ್ಲ.

“ಮನವಿ ಕಳಿಸಿದ್ರೆ ಉತ್ತರ ಬತ್ತದೆ, ಅಮ್ಮಾಜಿ” ಎಂದ.

“ಬರ್ಲಿ. ಅದಕ್ಕೇ ತಾನೆ ಕಳ್ಸೋದು?”

“ಇಲ್ಲ ಅಂತ ಬಂದ್ರೆ? ಗಣಿ ತೆಗಿಯಲ್ಲ ಅಂತ ಬರೆದುಬುಟ್ರೆ? ಆವತ್ತಿಂದ ಅವ್ರೆಲ್ಲಾ ನಾಕ್ ಗಂಟೆಗೆ ಎಲ್ಲಿಗೋಗ್ಬೇಕು? ನಾನೆಲ್ಲಿಗೋಗ್ಲಿ? ಈಗಾದ್ರೆ ತೆಗೆದಾರು ಅಂತ ಒಂದೈತೆ.”

ಅಮ್ಮಾಜಮ್ಮನ ಸಿಟ್ಟು ಅಲ್ಲೇ ಇಳಿಯಲಿಲ್ಲ, ಆದರೆ ಅದರ ಜೊತೆಗೆ ಇನ್ನೊಂದು ಬಂದು ಕೂತಿತು. ಇವನು ಪೆದ್ದನಲ್ಲ, ಹೆದರಿದ್ದಾನೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತಾನು ಅದನ್ನು ಕಾಣಲಿಲ್ಲವಲ್ಲ ಎಂದು ಅವಳಿಗೆ ನೋವಾಯಿತು. “ಕಾಲಿಗೂ ಅಂಗೇನಾ?” ಎಂದಳು.

“ಮಾಡ್ಸಿ ಆಗ್ಲಿಲ್ಲ ಅಂದ್ರೆ ಮುಗೀತಲ್ಲ. ಮಾಡ್ಸದಿದ್ರೆ ಬಲೂನು ಐತೆ ಅಂತ ಇರ್ತದೆ.”

“ಗಣಿ ಇಪ್ಪತ್ನಾಕು ವರ್ಷ ಕಾಯ್ತು” ಎಂದಳು ಅವಳು. “ಈ ಕಾಲು ಸೋಮ್ವಾರದ ಗಂಟ ಕಾಯಲ್ಲ. ನೀನು ಕೇಳಿದ್ರೂ ಉತ್ತರ ಏಳ್ತದೆ, ಕೇಳ್ದಿದ್ರೂ ಏಳ್ತದೆ. ಕಾಲೋದ್ರೆ ನಿನ್ನ ಎತ್ತಿ ಕುಂಡ್ರಿಸೋದು ಸಮಿತಿ ಅಲ್ಲ, ನಾನು. ನನ್ಗೆ ಸೊಂಟದಾಗೆ ಶಕ್ತಿ ಇಲ್ಲ. ನನ್ಗೂ ಭಯ ಆಯ್ತದೆ, ಗೊತ್ತಾ ನಿನ್ಗೆ?”

ಅವಳು ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಡುಮಧ್ಯಾಹ್ನದಲ್ಲೂ ಅದು ತಣ್ಣಗಿತ್ತು. ಆಂಜಿನಪ್ಪ ಪಾದ ಹಿಂದಕ್ಕೆಳೆದುಕೊಳ್ಳಲಿಲ್ಲ, ಒಪ್ಪಲೂ ಇಲ್ಲ. “ಸಮಿತಿ ಏನೇಳ್ತದೋ ಅದು” ಎಂದ. ಸಮಿತಿ ಏನೂ ಹೇಳುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಟಕ್ಕೆ ಹಟವೇ ಮದ್ದು. ಶುಕ್ರವಾರ ಬೆಳಗಿನ ರೈಲಿಗೆ ಅಮ್ಮಾಜಮ್ಮ ಗಂಡನನ್ನೂ ಸಮಿತಿಯ ಆರು ಜನರನ್ನೂ ಹತ್ತಿಸಿದಳು. ಬಂಗಾರಪೇಟೆಯಲ್ಲಿ ಸಭೆ ಎಂದರೆ ಯಾರಿಗೂ ಬೇಡವೆನ್ನಲಾಗಲಿಲ್ಲ. ಸಮಿತಿಗೆ ಅದು ಮೊದಲ ಹೊರಊರಿನ ಸಭೆ. ಎಲ್ಲರೂ ಇಸ್ತ್ರಿ ಮಾಡಿದ ಶರಟು ಹಾಕಿದ್ದರು. ಬಲೂನಿಗೆ ಖಾಯಂ ಕೆಲಸ ಕೊಡಬೇಕೆಂಬ ಬೇಡಿಕೆಯನ್ನು ಜಯರಾಮಪ್ಪ ದುಂಡಗಿನ ಅಕ್ಷರದಲ್ಲಿ ಬರೆದು ತಂದಿದ್ದ. ಅದು ಬೇಡಿಕೆಯಷ್ಟೇ, ನಿರ್ಣಯವಲ್ಲ, ಕೆಳಗೆ ಯಾರ ರುಜುವೂ ಇರಲಿಲ್ಲ.

ಡಾಕ್ಟರ್ ನವ್ಯ ಅದನ್ನು ನಿಂತುಕೊಂಡೇ ಕೊನೆಯವರೆಗೆ ಓದಿದರು. ನಗಲಿಲ್ಲ. ಬಲೂನಿನಲ್ಲಿ ತುಂಬುವುದು ಗಾಳಿಯಲ್ಲ, ನೀರಿನಂಥ ಔಷಧ. ಒಳಗೇ ಬಿಟ್ಟರೆ ಅದೇ ರಕ್ತದ ದಾರಿಗೆ ಅಡ್ಡ ನಿಲ್ಲುತ್ತದೆ. ಅದು ತಳ್ಳಿದ ಗೋಡೆ ಬಹುಮಟ್ಟಿಗೆ ಹಾಗೇ ನಿಲ್ಲುತ್ತದೆ, ಮತ್ತೆ ಕಟ್ಟಿಕೊಂಡರೆ ಮತ್ತೆ ಕಳಿಸಬಹುದು. ಆಂಜಿನಪ್ಪ ಸೇದುವ ಬೀಡಿ ಮಾತ್ರ ಇವತ್ತೇ ನಿಲ್ಲಬೇಕು ಎಂದರು. ಜಯರಾಮಪ್ಪ ಸ್ವೀಕೃತಿ ಕೇಳಿದ. ಸೆಲ್ವಿ ಆಸ್ಪತ್ರೆಯ ಸೀಲು ತಂದು ನಕಲಿನ ಮೇಲೆ ಒತ್ತಿದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಸಮಿತಿಗೆ ಸಿಕ್ಕಿದ ಮೊದಲ ಸೀಲು ಅದು. ಆರು ಜನರೂ ಅದನ್ನು ಕೈಯಿಂದ ಕೈಗೆ ದಾಟಿಸಿ, ಬೆಳಕಿಗೆ ಹಿಡಿದು ನೋಡಿದರು. ಮುನಿಸ್ವಾಮಪ್ಪ ಮೂಸಿಯೂ ನೋಡಿದ.

ಆಸ್ಪತ್ರೆಯ ಜಗುಲಿಯ ಮೇಲೆ ಸಭೆ ಶುರುವಾಯಿತು. ಗಾಲಿಕುರ್ಚಿಯಲ್ಲಿ ಕೂತಿದ್ದ ಆಂಜಿನಪ್ಪ ಆಕ್ಷೇಪಣೆ ಎತ್ತಲು ಕೈ ಮೇಲೆ ಮಾಡಿದ.

“ಒಂದು ನಿಮಿಷ” ಎಂದಳು ಅಮ್ಮಾಜಮ್ಮ. “ಮುನೀಂದ್ರಣ್ಣ, ಊರಾಗೆ ಪಂಚಾಯ್ತಿ ನಡೀತದೆ. ಯಾರ ಮ್ಯಾಲೆ ಪಂಚಾಯ್ತಿಯೋ ಆಯಪ್ಪನೇ ಓಗಿ ಪಂಚರ ಸಾಲಾಗೆ ಕುಂತ್ಕಂತಾನಾ?”

“ಅದೆಂಗಾಯ್ತದಮ್ಮ?”

“ಇವತ್ತು ಪಂಚಾಯ್ತಿ ಯಾರ ಕಾಲಿಂದು?”

ಮುನೀಂದ್ರ ಕಂಬ ಹುಡುಕಿ ಒರಗಿದ. ಜಯರಾಮಪ್ಪ ಪುಸ್ತಕದ ಪುಟ ಮಗುಚಿದ, ಓದಲಿಲ್ಲ. ಇಂಥದೊಂದು ದಿನ ಬರುತ್ತದೆಂದು ಸಮಿತಿ ಕನಸಲ್ಲೂ ಎಣಿಸಿರಲಿಲ್ಲ. ಆಂಜಿನಪ್ಪನ ಆಕ್ಷೇಪಣೆ ಇಲ್ಲದಿದ್ದರೆ ನಿರ್ಣಯ ನಿಜವಾಗಿಯೂ ಆಗಿಬಿಡುತ್ತದೆ! ಆರು ಮುದುಕರ ಮುಖದಲ್ಲೂ ಬೆವರು ಕಾಣಿಸಿತು. ಇಷ್ಟು ವರ್ಷ ಅವನ ಹೆಸರಿನ ಮರೆಯಲ್ಲಿ ತಾವೂ ಬೆಚ್ಚಗೆ ಕೂತಿದ್ದೆವೆಂದು ಅವರಿಗೆ ಆ ಕ್ಷಣಕ್ಕೆ ತಿಳಿಯಿತೆಂದು ಕಾಣುತ್ತದೆ.

ಮೊದಲು ಕೈ ಎತ್ತಿದವನು ಮುನಿಸ್ವಾಮಪ್ಪ. ಏನು ಕೇಳಿಸಿತೋ ಅವನಿಗೇ ಗೊತ್ತು, ಅಮ್ಮಾಜಮ್ಮನ ಮುಖ ನೋಡಿ ಎತ್ತಿದ. ಆಮೇಲೆ ಜಯರಾಮಪ್ಪ. ಆಮೇಲೆ ಉಳಿದ ಮೂವರು ಒಬ್ಬರನ್ನೊಬ್ಬರು ನೋಡಿಕೊಂಡು. ಕೊನೆಗೆ ಮುನೀಂದ್ರ ಎರಡು ಸಲ ಕೆಮ್ಮಿ, ಕೈ ಮೇಲೆತ್ತಿ, “ಕಾಲು ಪುನರಾರಂಭಕ್ಕೆ ಸಮಿತಿ ಒಪ್ಪೈತೆ. ಬರ್ಕೋ” ಎಂದ. ಜಯರಾಮಪ್ಪ ಬರೆದ. ಬರೆದು ಮುಗಿಸಿ, ಮುಂದೂಡಲಾಯಿತು ಎಂದು ಅಭ್ಯಾಸಬಲದಿಂದ ಸೇರಿಸಿ, ನಾಲಿಗೆ ಕಚ್ಚಿಕೊಂಡು ಹೊಡೆದುಹಾಕಿದ.

ಇನ್ನು ಆಂಜಿನಪ್ಪ ತಪ್ಪುವಂತಿರಲಿಲ್ಲ, ಕರ್ಪೂರ ಮುಟ್ಟಿದ ಕೈ. ಆದರೂ ಅವನು ಗೆಳೆಯರನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. “ಆಗ್ಲಿಲ್ಲ ಅಂದ್ರೆ?” ಎಂದು ಅವಳಿಗಷ್ಟೇ ಕೇಳುವಂತೆ ಕೇಳಿದ.

“ಆಗ್ಲಿಲ್ಲ ಅಂದ್ರೆ ನಾನಿರ್ತೀನಿ” ಎಂದಳು. ಅವನು ರುಜು ಹಾಕಿದ.

ಒಳಗೆ ಒಂದೂವರೆ ಗಂಟೆ ಹಿಡಿಯಿತು. ಹೊರಗೆ ಕುರ್ಚಿಗಳು ಖಾಲಿಯಿದ್ದರೂ ಆರು ಜನ ಮುದುಕರು ಕೂರಲಿಲ್ಲ. ಸೆಕ್ಯುರಿಟಿಯವನು ಬಂದು ಕೂರಿ ಎಂದ, ಗದರಿದ, ಕೊನೆಗೆ ಬೇಡಿಕೊಂಡ. ಗಣಿಯಲ್ಲಿ ಬಂಡೆ ಸಿಡಿದ ದಿನ, ಒಳಗೆ ಸಿಕ್ಕಿಕೊಂಡವನು ಮೇಲೆ ಬರುವವರೆಗೆ ಗಣಿಬಾವಿಯ ಬಾಯಲ್ಲಿ ಯಾರೂ ಕೂರುವುದಿಲ್ಲ, ಮಾತಾಡುವುದಿಲ್ಲ. ಅದನ್ನು ಅವನಿಗೆ ಯಾರು ಹೇಳಬೇಕು? ಅಮ್ಮಾಜಮ್ಮ ಹಾಗೆ ಎರಡು ಸಲ ನಿಂತವಳು, ಮೈಸೂರು ಮೈನ್ಸ್ ಎಂಬ ಗಣಿಬಾವಿಯ ಹತ್ತಿರ ಒಮ್ಮೆ ಕಂಕುಳಲ್ಲಿ ಮಗುವಿಟ್ಟುಕೊಂಡು. ಅವಳೂ ನಿಂತೇ ಇದ್ದಳು.

ಡಾಕ್ಟರ್ ನವ್ಯ ಹೊರಗೆ ಬಂದು ಟೋಪಿ ತೆಗೆದರು. “ಮೇಲಿನದು ಚೆನ್ನಾಗಿ ಬಿಟ್ಟಿದೆ ಅಮ್ಮ. ಕೆಳಗೆ ಎರಡರಲ್ಲಿ ಒಂದು ಬಿಟ್ಟಿತು, ಇನ್ನೊಂದರಲ್ಲಿ ತಂತಿ ದಾಟಲೇ ಇಲ್ಲ. ಪಾದಕ್ಕೆ ಒಂದು ಸಾಕು. ಕಾಲು ಉಳಿಯುತ್ತೆ. ಕಿರುಬೆರಳು ಮಾತ್ರ ತೆಗೀಬೇಕು.”

ಆರು ಜನರೂ ಇದ್ದಲ್ಲೇ, ಕುರ್ಚಿಯನ್ನೂ ನೋಡದೆ, ನೆಲದ ಮೇಲೆ ಕೂತುಬಿಟ್ಟರು.

ವಾರ್ಡಿನಲ್ಲಿ ಆಂಜಿನಪ್ಪ ಅಂಗಾತ ಮಲಗಿದ್ದ. ಆರು ಗಂಟೆ ಕಾಲು ಮಡಿಸಬಾರದು, ತಲೆ ಎತ್ತಬಾರದು ಎಂದು ಸೆಲ್ವಿ ಕಟ್ಟಪ್ಪಣೆ ಮಾಡಿದ್ದಳು. ಅವನಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಅವನು ಯಾರನ್ನೂ ಕೇಳಿರಲೂ ಇಲ್ಲ. ಅಮ್ಮಾಜಮ್ಮ ಮಂಚದ ಪಕ್ಕ ನಿಂತಳು. ಹೇಳಬೇಕಾದವಳು ಅವಳೇ.

“ಉತ್ತರ ಬಂತು” ಎಂದಳು.

ಅವನು ಕಣ್ಣು ಮುಚ್ಚಿಕೊಂಡ. “ಏನಂತ ಏಳು.”

“ಕಾಲು ಐತೆ. ಕಿರುಬೆಟ್ಟು ಉಳಿಯಲ್ಲ.”

ಆಂಜಿನಪ್ಪ ಕಣ್ಣು ತೆರೆದು ಸೂರು ನೋಡಿದ. ಫ್ಯಾನು ತಿರುಗುತ್ತಿತ್ತು. “ಇಷ್ಟೇನಾ?” ಎಂದ.

“ಇಷ್ಟೇ.”

“ಇಷ್ಟಕ್ಕೇನಾ ನಾನು, ಇಪ್ಪತ್ನಾಕು ವರ್ಷ...” ಎಂದವನು ಅಳತೊಡಗಿದ. ತಲೆ ಎತ್ತುವಂತಿಲ್ಲದ್ದರಿಂದ ಕಣ್ಣೀರು ನೇರ ಕಿವಿಯೊಳಕ್ಕೆ ಇಳಿಯಿತು. ಅಮ್ಮಾಜಮ್ಮ ಅಳಬೇಡ ಎನ್ನಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಒಂದು ಕಿವಿ ಒರೆಸಿದಳು, ಆ ಕಡೆಗೆ ಬಾಗಿ ಇನ್ನೊಂದು ಕಿವಿ ಒರೆಸಿದಳು. ಅಷ್ಟರಲ್ಲಿ ಮೊದಲನೆಯದು ಮತ್ತೆ ತುಂಬಿತ್ತು.